ತನ್ನದಲ್ಲದ್ದನ್ನು ಹೊರುವ ಮೈ

ಬನ್ನೂರು ಕುರಿಯ ಮಾಂಸದ ರುಚಿ ಎಲ್ಲರಿಗೂ ಗೊತ್ತು. ತಿ. ನರಸೀಪುರ ತಾಲ್ಲೂಕಿನ ಈ ಕುರಿಗಳ ಹಿಂಡಿಗೆ ಟಗರು ಬಿಟ್ಟಾಗ ಹೆಣ್ಣುಕುರಿಯ ಮೈಯೊಳಗೆ ಏನಾಗುತ್ತದೆ ಎಂಬುದು ಮಾತ್ರ ವೇದಾಂತಿಗಳೂ ಕಿವಿಗೊಡಬೇಕಾದ ಸಂಗತಿ. ವೀರ್ಯ ಹೊರಗಿನದು. ಅದು ಒಳಸೇರಿದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅತ್ತ ಧಾವಿಸಿ, ಸೂಕ್ಷ್ಮಾಣುಗಳ ಜೊತೆಗೆ ಮಿಕ್ಕುಳಿದ ವೀರ್ಯಾಣುಗಳನ್ನೂ ನುಂಗುತ್ತವೆ. ಸೋಜಿಗವೆಂದರೆ, ಈ ಕಾವಲುಗಾರರನ್ನು ಕರೆಸುವುದರಲ್ಲಿ ವೀರ್ಯದ್ರವದ್ದೇ ಕೈವಾಡವಿದೆ. ಹಂದಿಗಳಲ್ಲಿ ಸ್ಪರ್ಮಡೆಸಿನ್ ಎಂಬ ಪ್ರೋಟೀನುಗಳು ಈ ಕೆಲಸ ಮಾಡುತ್ತವೆ. ಅದೇ ವೀರ್ಯದ್ರವದಲ್ಲಿರುವ ಟಿಜಿಎಫ್-ಬೀಟಾ ಎಂಬ ಪ್ರೋಟೀನು ರಕ್ಷಣಾ ಕಣಗಳ ಆವೇಶವನ್ನು ತಗ್ಗಿಸಬಲ್ಲದು. ಕೂಗಿ ಕರೆಯುವುದೂ ಸಮಾಧಾನ ಮಾಡುವುದೂ ಒಂದೇ ದ್ರವ!

ಹಾಗಾದರೆ ಮೈಗೆ ‘ತಾನು’ ಯಾರು, ‘ಅನ್ಯ’ ಯಾರು?

ಅರ್ಧ ತಂದೆಯದಾದ ಭ್ರೂಣವನ್ನು ತಾಯಿಯ ಮೈ ಏಕೆ ಹೊರದೂಡುವುದಿಲ್ಲ ಎಂದು 1953ರಲ್ಲಿ ಕೇಳಿದವರು ವಿಜ್ಞಾನಿ ಪೀಟರ್ ಮೆಡವಾರ್. ಅದಕ್ಕೂ ಮೊದಲು ದನಗಳೇ ಒಂದು ಸುಳಿವು ಕೊಟ್ಟಿದ್ದವು. ಗರ್ಭದಲ್ಲಿ ರಕ್ತ ಹಂಚಿಕೊಂಡ ಅವಳಿ ಕರುಗಳು ದೊಡ್ಡವಾದ ಮೇಲೂ ಒಂದರ ರಕ್ತಕಣಗಳನ್ನು ಇನ್ನೊಂದು ಇಟ್ಟುಕೊಂಡಿರುವುದನ್ನು ವಿಜ್ಞಾನಿ ರೇ ಓವನ್ 1945ರಲ್ಲಿ ತೋರಿಸಿದ್ದರು. ಅಂಥ ಅವಳಿಗಳು ಪರಸ್ಪರರ ಚರ್ಮದ ಕಸಿಯನ್ನೂ ಒಪ್ಪಿಕೊಳ್ಳುತ್ತವೆ ಎಂದು ಮೆಡವಾರ್ ಬಳಗ ಆಮೇಲೆ ಕಂಡುಕೊಂಡಿತು.

ಅನ್ಯವನ್ನು ಹೀಗೆ ಇಟ್ಟುಕೊಳ್ಳುವುದು ಪುರಾಣದಲ್ಲೂ ಉಂಟು. ಕಪಿಲೆಯ ದಡದ ನಂಜನಗೂಡಿನಲ್ಲಿ ನೆಲೆಸಿರುವ ಶ್ರೀಕಂಠೇಶ್ವರನೂ ವಿಷವನ್ನು ಉಗುಳಲಿಲ್ಲ, ಒಳಗಿಳಿಸಿಕೊಳ್ಳಲೂ ಇಲ್ಲ, ಕಂಠದಲ್ಲೇ ಇಟ್ಟುಕೊಂಡ. ಪುರಾಣದಲ್ಲೇ ರೋಗನಿರೋಧಶಾಸ್ತ್ರ ಅಡಗಿತ್ತು ಎನ್ನುವ ಚಪಲ ಮಾತ್ರ ಬೇಡ. ಅದು ಪುರಾಣಕ್ಕೂ ಅಪಚಾರ, ವಿಜ್ಞಾನಕ್ಕೂ ಅಪಚಾರ. ಹೊರಗಿನದನ್ನು ಕೊಲ್ಲಬೇಕು, ಇಲ್ಲವೇ ತಾನೇ ಸಾಯಬೇಕು ಎಂಬ ಎರಡೇ ದಾರಿಗಳನ್ನು ಆ ಕಥೆ ಒಪ್ಪುವುದಿಲ್ಲ, ಅಷ್ಟೇ. ಅನ್ಯರನ್ನು ದೂರವಿಡುವುದು ಪ್ರಕೃತಿನಿಯಮ ಎಂದು ಜಾತಿಕುಲಗಳ ಬೇಲಿಗೆ ಜೀವಶಾಸ್ತ್ರದ ಆಸರೆ ಹುಡುಕುವವರ ಪರ ಬನ್ನೂರು ಕುರಿ ಸಾಕ್ಷಿ ನುಡಿಯುವುದಿಲ್ಲ. ಹಾಗೆಂದು ಸಹಿಷ್ಣುತೆಯ ಪರವೂ ಅದನ್ನು ಎಳೆತರುವಂತಿಲ್ಲ. ನ್ಯೂಟ್ರೋಫಿಲ್ ಧರ್ಮಾಧರ್ಮ ನೋಡಿ ನುಂಗುವುದಿಲ್ಲವಲ್ಲ.

ವೀರ್ಯದ್ರವದ ಮಹಿಮೆಯನ್ನೂ ಅತಿಯಾಗಿ ಹೊಗಳಬೇಕಿಲ್ಲ. ಭಾರತದ ಮೊದಲ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿ ಫಾರ್ಮಿನಲ್ಲಿ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯ ಹಾಕಿದರು. ಇವತ್ತು ಬೆದೆಗೆ ಬಂದ ಹಸುವಿಗೆ ಡಾಕ್ಟರು ಹಾಕುವ ಕಡ್ಡಿಯಲ್ಲಿ ಇರುವುದು ಬಹುಪಾಲು ತೆಳುಗೊಳಿಸುವ ದ್ರಾವಣ. ಹೋರಿಯ ವೀರ್ಯದ್ರವ ತೀರಾ ಅಲ್ಪ. ಆದರೂ ಹಸು ಗಬ್ಬವಾಗುತ್ತದೆ. ದನಗಳಲ್ಲಿ ವೀರ್ಯಾಣುಗಳೇ ಗರ್ಭಕೋಶದ ಒಳಪದರವನ್ನು ಮುಟ್ಟಿ ರಕ್ಷಣಾ ಕಣಗಳನ್ನು ಎಚ್ಚರಿಸುತ್ತವೆ.