ಜೋಳಿಗೆಯಿಲ್ಲದೆ ಹೊರಟವರು

ಬೇಸಿಗೆಯ ರಜೆ ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಯುವಜನ ಸಂಘಗಳಲ್ಲಿ ಹೊಸ ಉತ್ಸಾಹ ಮೂಡುತ್ತದೆ. ದೂರದ ಹಳ್ಳಿಯನ್ನೋ ತಾಂಡಾವನ್ನೋ ಆರಿಸಿಕೊಂಡು, ಅಕ್ಕಿ, ಬಟ್ಟೆ, ನೋಟುಪುಸ್ತಕ, ಔಷಧಿಗಳ ಗಂಟು ಕಟ್ಟಿಕೊಂಡು ನಮ್ಮ ಯುವಕ ಯುವತಿಯರು ಒಂದು ವಾರದ ಸೇವಾ ಶಿಬಿರಕ್ಕೆ ಹೊರಡುತ್ತಾರೆ. ಶಾಲೆಯ ಗೋಡೆಗೆ ಸುಣ್ಣ ಬಳಿಯುತ್ತಾರೆ, ಚರಂಡಿ ತೆಗೆಯುತ್ತಾರೆ, ಮಕ್ಕಳಿಗೆ ಹಾಡು ಕಲಿಸುತ್ತಾರೆ, ಸಂಜೆ ಬೀದಿನಾಟಕ ಆಡುತ್ತಾರೆ. ಕೊನೆಯ ದಿನ ಎಲ್ಲರೊಡನೆ ಫೋಟೋ ತೆಗೆಸಿಕೊಂಡು ಕಣ್ಣೀರಿನೊಂದಿಗೆ ಬೀಳ್ಕೊಳ್ಳುತ್ತಾರೆ. ತಮ್ಮ ಬಿಡುವಿನ ಏಳು ದಿನಗಳನ್ನು ಪರರಿಗಾಗಿ ಮೀಸಲಿಡುವ ಈ ಮನಸ್ಸು ಮೆಚ್ಚತಕ್ಕದ್ದೇ ಸರಿ. ಆದರೂ ಪ್ರಿಯ ಓದುಗರೇ, ಆ ಮನಸ್ಸಿನ ಮೇಲಿನ ಗೌರವದಿಂದಲೇ ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಸೇವೆಗೆ ಸದುದ್ದೇಶವೊಂದೇ ಸಾಕೆ?

ಈ ಪ್ರಶ್ನೆ ಹೊಸದೇನಲ್ಲ. 1968ರ ಏಪ್ರಿಲ್ 20ರಂದು ಮೆಕ್ಸಿಕೋ ದೇಶದ ಕುವೆರ್ನವಾಕ ನಗರದಲ್ಲಿ ಒಂದು ಸಭೆ ಸೇರಿತ್ತು. ರಜೆಯ ದಿನಗಳಲ್ಲಿ ಮೆಕ್ಸಿಕೋದ ಬಡ ಹಳ್ಳಿಗಳಿಗೆ ಸ್ವಯಂಸೇವಕರಾಗಿ ಹೋಗುತ್ತಿದ್ದ ಉತ್ತರ ಅಮೆರಿಕದ ವಿದ್ಯಾರ್ಥಿಗಳ ಸಂಘಟನೆಯ ಸಭೆ ಅದು. ಅಲ್ಲಿ ಮಾತನಾಡಿದವರು ಇವಾನ್ ಇಲಿಚ್; ಆಗಿನ್ನೂ ಕಥೋಲಿಕ ಧರ್ಮಗುರುಗಳಾಗಿದ್ದ ಪ್ರಖರ ಚಿಂತಕರು. ವಿದ್ಯಾರ್ಥಿಗಳು ಹೊಗಳಿಕೆಯನ್ನು ನಿರೀಕ್ಷಿಸಿದ್ದರೆ ಅವರಿಗೆ ಸಿಕ್ಕಿದ್ದು ಛೀಮಾರಿ. ಆ ಹಳ್ಳಿಗಳ ಭಾಷೆಯನ್ನೂ ಬದುಕನ್ನೂ ಅರಿಯದ ನೀವು ಅಲ್ಲಿಗೆ ಒಯ್ಯುವುದು ನಿಮ್ಮ ಅನುಕೂಲಸ್ಥ ಜೀವನದ ಜಾಹೀರಾತನ್ನು ಮಾತ್ರ ಎಂದು ಅವರು ಎಚ್ಚರಿಸಿದರು. ದುಡಿಯಬೇಕೆಂದಿದ್ದರೆ ನಿಮ್ಮ ನಾಡಿನ ಬಡವರ ನಡುವೆ ದುಡಿಯಿರಿ, ಅವರಾದರೆ ನಿಮಗೆ ಬೇಡವೆಂದು ಮುಖಕ್ಕೆ ಹೇಳಬಲ್ಲರು ಎಂದರು. ಮೆಕ್ಸಿಕೋಗೆ ಬರುವುದಾದರೆ ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಅವರ ಮಾತಿನ ಸಾರ.

ಕಠೋರವಾದ ಮಾತು. ಆದರೆ ಅದರೊಳಗಿನ ಸತ್ಯವನ್ನು ನಮ್ಮ ನಾಡಿನಲ್ಲಿಯೂ ಕಾಣಬಹುದು. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಹಳೆಯ ಬಟ್ಟೆಗಳು ಲಾರಿಗಟ್ಟಲೆ ಬಂದವು. ಅವುಗಳಲ್ಲಿ ಬಹಳಷ್ಟು ರಸ್ತೆಯ ಬದಿಯಲ್ಲೇ ರಾಶಿಯಾಗಿ ಬಿದ್ದವು. ಮನೆ, ದೋಣಿ, ಬಂಧುಗಳನ್ನು ಕಳೆದುಕೊಂಡಿದ್ದ ಜನರಿಗೂ ಪರರು ಉಟ್ಟು ಬಿಟ್ಟದ್ದನ್ನು ಎತ್ತಿಕೊಳ್ಳಲು ಮನಸ್ಸು ಬರಲಿಲ್ಲ. ಕಳುಹಿಸಿದವರ ಉದ್ದೇಶ ಕೆಟ್ಟದ್ದಾಗಿತ್ತೆ? ಖಂಡಿತ ಇಲ್ಲ. ಪಡೆಯುವವರಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ, ಅಷ್ಟೆ.

ಇದಕ್ಕೆ ಪ್ರತಿಯಾಗಿ 1999ರಲ್ಲಿ ಅಂಶು ಗುಪ್ತಾ ಅವರು ಆರಂಭಿಸಿದ ‘ಗೂಂಜ್’ ಸಂಸ್ಥೆಯ ಕಾರ್ಯವನ್ನು ಗಮನಿಸಿ. ಅಲ್ಲಿಯೂ ಬಳಸಿದ ಬಟ್ಟೆಯೇ. ಆದರೆ ಅದನ್ನು ವಿಂಗಡಿಸಿ, ಸರಿಪಡಿಸಿ ಹಳ್ಳಿಗೆ ಒಯ್ಯುತ್ತಾರೆ. ಯಾವ ಕೆಲಸವಾಗಬೇಕೆಂದು ಊರಿನವರೇ ತೀರ್ಮಾನಿಸುತ್ತಾರೆ. ಬಾವಿ ತೋಡಿಯೋ ದಾರಿ ಸರಿಪಡಿಸಿಯೋ ತಾವೇ ದುಡಿಯುತ್ತಾರೆ. ಬಟ್ಟೆ ಆ ದುಡಿಮೆಗೆ ಸಲ್ಲುತ್ತದೆ. ವಸ್ತು ಅದೇ, ಆದರೆ ಪಡೆಯುವವನ ತಲೆ ತಗ್ಗುವುದಿಲ್ಲ. ದಾನಕ್ಕೂ ಸೇವೆಗೂ ಇರುವ ಅಂತರ ಇಲ್ಲಿದೆಯಲ್ಲವೆ?

ಹಾಗಾದರೆ ನಮ್ಮ ಯುವಜನರು ಹಳ್ಳಿಗಳಿಗೆ ಹೋಗುವುದನ್ನೇ ಬಿಡಬೇಕೆ? ಹಾಗೆ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೋಗದಿದ್ದರೆ ಬಡತನವೆಂಬುದು ನಮ್ಮ ಮಕ್ಕಳಿಗೆ ಪಠ್ಯಪುಸ್ತಕದ ಒಂದು ಅಧ್ಯಾಯವಾಗಿಯೇ ಉಳಿದೀತು. ಇಲಿಚರ ಭಾಷಣಕ್ಕೆ ಒಂದು ವರ್ಷ ಮೊದಲು, 1967ರಲ್ಲಿ, ಜನಾಂಗಗಳ ಅಭಿವೃದ್ಧಿಯನ್ನು ಕುರಿತ ತಮ್ಮ ಪರಿಪತ್ರದಲ್ಲಿ ಪೋಪ್ ಆರನೇ ಪೌಲರು ಇಂಥ ಸೇವೆಗೆ ಹೊರಡುವವರನ್ನು ಮನಸಾರೆ ಪ್ರೋತ್ಸಾಹಿಸಿದ್ದರು. ಆದರೆ ಒಡೆಯರಂತೆ ಹೋಗದೆ ಸಹಾಯಕರಾಗಿ, ಜೊತೆ ದುಡಿಯುವವರಾಗಿ ಹೋಗಬೇಕೆಂದೂ, ಬಂದವರಲ್ಲಿ ನಿಜವಾದ ಪ್ರೀತಿ ಇದೆಯೋ ಇಲ್ಲವೋ ಎಂಬುದನ್ನು ಜನರು ಬೇಗನೆ ಗ್ರಹಿಸುತ್ತಾರೆಂದೂ ಎಚ್ಚರಿಸಿದ್ದರು. ಆದ್ದರಿಂದ ಹೋಗಬೇಕೇ ಬೇಡವೇ ಎಂಬುದಕ್ಕಿಂತ ಹೇಗೆ ಹೋಗಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಅದಕ್ಕೆ ಉತ್ತರ ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿದೆ. ಯೇಸುಸ್ವಾಮಿ 72 ಮಂದಿ ಶಿಷ್ಯರನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳುಹಿಸಿದರು. ಆದರೆ ಹಣದ ಚೀಲವಾಗಲಿ, ಜೋಳಿಗೆಯಾಗಲಿ, ಪಾದರಕ್ಷೆಯಾಗಲಿ ಬೇಡವೆಂದರು. ಬರಮಾಡಿಕೊಂಡ ಮನೆಯಲ್ಲೇ ತಂಗಿ, ಅವರು ಬಡಿಸಿದ್ದನ್ನು ಉಣ್ಣಬೇಕೆಂದರು. ಇದರ ಅರ್ಥವೇನು? ಕೊಡಲು ಹೊರಟವನು ಮೊದಲು ಕೈಯೊಡ್ಡಬೇಕು. ಅವನು ಆ ಊರಿನ ಅತಿಥಿ. ಊರು ಅವನಿಗೆ ಆತಿಥೇಯ. ಸ್ವತಃ ಪ್ರಭುವೂ ಯಕೋಬನ ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತು ಆರಂಭಿಸಿದ್ದು ನೀರು ಬೇಡುವುದರ ಮೂಲಕ. ಜೀವಜಲದ ಮಾತು ಬಂದದ್ದು ಅನಂತರ.

ನಮ್ಮ ಶಿಬಿರಗಳು ಬಹಳ ಸಲ ಇದಕ್ಕೆ ತದ್ವಿರುದ್ಧ. ನಮ್ಮದೇ ಅಡುಗೆಯವರು, ನಮ್ಮದೇ ನೀರಿನ ಕ್ಯಾನು, ನಮ್ಮದೇ ವೇಳಾಪಟ್ಟಿ. ಕೇರಿಯ ಮನೆಯೊಂದರಲ್ಲಿ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣುವ ಭಾಗ್ಯವನ್ನು ನಾವೇ ಕಳೆದುಕೊಳ್ಳುತ್ತೇವೆ. ಜಾತಿಯ ಗೋಡೆಗಳಿರುವ ಊರಿನಲ್ಲಿ ಆ ಒಂದು ಊಟ ನೂರು ಬೀದಿನಾಟಕಗಳಿಗಿಂತ ಹೆಚ್ಚು ಮಾತನಾಡುತ್ತದೆ. ಕೂಲಿಯಿಲ್ಲದೆ ಕುಳಿತ ಸುಣ್ಣ ಬಳಿಯುವವನ ಕಣ್ಣೆದುರಿನಲ್ಲೇ ನಾವು ಪುಕ್ಕಟೆಯಾಗಿ ಗೋಡೆ ಬಳಿದರೆ ಅವನ ಒಂದು ದಿನದ ಅನ್ನವನ್ನು ಕಿತ್ತುಕೊಂಡಂತೆಯೇ ಆಗುತ್ತದೆ. ರಕ್ತದೊತ್ತಡವಿರುವ ಅಜ್ಜಿಗೆ ಒಂದು ವಾರದ ಮಾತ್ರೆ ಕೊಟ್ಟು ಬಂದರೆ ಎಂಟನೆಯ ದಿನದ ಗತಿಯೇನು? ಆಶಾ ಕಾರ್ಯಕರ್ತೆಯನ್ನು ಕಂಡು, ಅಜ್ಜಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರೆ ಅದು ಫೋಟೋದಲ್ಲಿ ಕಾಣಿಸದ ಸೇವೆ. ಆದರೆ ಉಳಿಯುವ ಸೇವೆ.

ಇಲಿಚರ ಇನ್ನೊಂದು ಮಾತನ್ನೂ ನಾವು ಮರೆಯಬಾರದು. ನಿಮ್ಮ ನಾಡಿನ ಬಡವರ ನಡುವೆ ದುಡಿಯಿರಿ ಎಂದಿದ್ದರಲ್ಲವೆ? ಬೆಂಗಳೂರಿನ ಯುವಜನರು ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಗೆ ಶಿಬಿರಕ್ಕೆಂದು ಹೊರಟಾಗ, ಅದೇ ಜಿಲ್ಲೆಗಳ ಜನರು ಗುಳೆ ಹೊರಟು ಬೆಂಗಳೂರಿಗೆ ಬಂದಿರುತ್ತಾರೆ. ಮಳೆ ಕೈಕೊಟ್ಟಾಗ, ಸುಗ್ಗಿ ಮುಗಿದಾಗ, ಗಂಡ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದು ಕಟ್ಟಡ ಕೆಲಸಕ್ಕೆ ನಿಲ್ಲುತ್ತಾರೆ. ನಮ್ಮ ಮನೆಯ ಹಿಂದಿನ ಬೀದಿಯಲ್ಲೇ, ತಗಡಿನ ಶೆಡ್ಡುಗಳಲ್ಲಿ ವಾಸಿಸುತ್ತಾರೆ. ಅವರ ಮಕ್ಕಳು ಶಾಲೆ ಬಿಟ್ಟು ಮರಳಿನ ರಾಶಿಯ ಮೇಲೆ ಆಡುತ್ತಿರುತ್ತಾರೆ. ತಾಂಡಾದಲ್ಲಿ ಯಾವ ಮಗುವನ್ನು ಎತ್ತಿಕೊಂಡು ಮುದ್ದಾಡಿದೆವೋ ಅದೇ ಮಗು ನಮ್ಮ ಬಡಾವಣೆಗೆ ಬಂದಾಗ ನಮಗೆ ಗುರುತು ಸಿಗುವುದಿಲ್ಲ. ಶಿಬಿರದ ನಿಜವಾದ ಪರೀಕ್ಷೆ ಇರುವುದು ಶಿಬಿರ ಮುಗಿದ ಮೇಲೆ. ಆ ಮಗುವನ್ನು ಹತ್ತಿರದ ಶಾಲೆಗೆ ಸೇರಿಸಲು ಒಂದು ಮಧ್ಯಾಹ್ನ ಓಡಾಡುವ ಯುವಕನು ತನ್ನ ಏಳು ದಿನಗಳನ್ನು ವ್ಯರ್ಥಮಾಡಲಿಲ್ಲ ಎನ್ನಬಹುದು.

ಬಡವರಿಂದ ನಾವು ಕಲಿಯಬೇಕಾದದ್ದು ಬಹಳಷ್ಟಿದೆ ಎಂದು ಪೋಪ್ ಫ್ರಾನ್ಸಿಸ್‌ರವರು 2013ರ ತಮ್ಮ ಪ್ರಬೋಧನ ಪತ್ರದಲ್ಲಿ ನೆನಪಿಸಿದರು. ಕಲಿಯುವವನು ಅವಸರದಲ್ಲಿರುವುದಿಲ್ಲ. ವರ್ಷಕ್ಕೊಂದು ಹೊಸ ಹಳ್ಳಿಯನ್ನು ಹುಡುಕುವುದಕ್ಕಿಂತ ಒಂದೇ ಹಳ್ಳಿಗೆ ಐದು ವರ್ಷ ಹೋಗುವುದು ಲೇಸು. ಮೊದಲ ವರ್ಷ ಬರಿಗೈಯಲ್ಲಿ ಹೋಗಿ ಕೇಳಿಸಿಕೊಂಡು ಬಂದರೂ ನಷ್ಟವಿಲ್ಲ. ಈ ಊರಿನ ಕೆರೆ ಯಾರ ಕೈಯಲ್ಲಿದೆ, ಹೊಲ ಯಾರದು, ಸಾಲ ಯಾರ ಬಳಿ ಎಂಬುದು ತಿಳಿಯಲು ಅಷ್ಟು ಕಾಲ ಬೇಕೇ ಬೇಕು. ಬಡತನದ ಕಾರಣವನ್ನು ಕೇಳದ ಕರುಣೆ ಗಾಯದ ಮೇಲೆ ಹೊದಿಸಿದ ಬಟ್ಟೆಯಷ್ಟೇ.

ಪ್ರಿಯ ಓದುಗರೇ, ಮುಂದಿನ ರಜೆಯಲ್ಲಿ ನಿಮ್ಮ ಮನೆಯಿಂದಲೂ ಒಬ್ಬ ಮಗನೋ ಮಗಳೋ ಶಿಬಿರಕ್ಕೆ ಹೊರಡಬಹುದು. ತುಂಬು ಹೃದಯದಿಂದ ಹರಸಿ ಕಳುಹಿಸಿ. ಮರಳಿ ಬಂದಾಗ ಏನೇನು ಕೊಟ್ಟು ಬಂದೆ ಎಂದು ವಿಚಾರಿಸಬೇಡಿ. ಯಾರ ಮನೆಯಲ್ಲಿ ಉಂಡೆ, ಆ ತಾಯಿಯ ಹೆಸರೇನು, ಮತ್ತೆ ಯಾವಾಗ ಹೋಗುತ್ತೀಯ ಎಂದು ಕೇಳಿ.