ಅಭಾವಕಾಲದಲ್ಲಿ ನಾದದಾನ

ಅಕ್ಕಿಯನ್ನು ಪಡಿತರದಲ್ಲಿ ಅಳೆದು ಕೊಡುತ್ತಿದ್ದ ಕಾಲದಲ್ಲಿ ಸಂಗೀತಕ್ಕೆ ಹಣ ವ್ಯಯಿಸುವುದು ದಾನವೋ, ದುಂದುವೆಚ್ಚವೋ? ಜಯನಗರವೆಂದೊಡನೆ ಬೆಂಗಳೂರಿನ ಅನೇಕರಿಗೆ ನೆನಪಾಗುವ ಶ್ರೀ ಜಯಚಾಮರಾಜೇಂದ್ರ ಒಡೆಯರ ಜೀವನವು ಈ ಪ್ರಶ್ನೆಯನ್ನು ಎತ್ತುತ್ತದೆ.

1919ರಲ್ಲಿ ಜನಿಸಿದ ಒಡೆಯರು ನುರಿತ ಪಿಯಾನೋ ವಾದಕರು. 1940ರಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡು ಪಟ್ಟವು ಇವರ ಪಾಲಿಗೆ ಬಂದುದರಿಂದ ವಾದಕರಾಗಿಯೇ ಬಾಳುವ ಹಂಬಲ ಅಲ್ಲಿಗೇ ನಿಂತಿತು. ಅದೇ ವೇಳೆಗೆ ಇಂಗ್ಲೆಂಡಿನಲ್ಲಿದ್ದ ರಷ್ಯದ ವಾಗ್ಗೇಯಕಾರ, ಪಿಯಾನೋ ವಾದಕ ನಿಕೊಲಾಯ್ ಮೆಡ್ಟ್ನರ್ ಅವರಿಗೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯ ಯುದ್ಧದಿಂದ ಕಡಿದುಹೋಗಿತ್ತು. ಹೃದ್ರೋಗಿ, ವೃದ್ಧ. ಯುದ್ಧಾನಂತರ ಮೈಸೂರಿನ ಅರಸರು ಆತನ ಕೃತಿಗಳನ್ನು ಆತನಿಂದಲೇ ಧ್ವನಿಮುದ್ರಿಸಲು ಸಂಘವೊಂದನ್ನು ಸ್ಥಾಪಿಸಿ ವೆಚ್ಚ ವಹಿಸಿದರು.

ಹಸಿದ ಪ್ರಜೆಗಳಿರುವಾಗ ದೂರದೇಶದ ಸಂಗೀತಗಾರನಿಗೆ ಹಣವೇಕೆ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ದ್ರವ್ಯ ಯಾರದೆಂದು ವಿಚಾರಿಸದೆ ದಾನವನ್ನು ಹೊಗಳುವುದು ಲೆಕ್ಕ ಬಲ್ಲವರಿಗೆ ತಕ್ಕುದಲ್ಲ.

ಇದೇ ಯುದ್ಧಕಾಲದಲ್ಲಿ ಲಂಡನ್ನಿನ ಪಿಯಾನೋ ವಾದಕಿ ಮೈರಾ ಹೆಸ್ ಕೊಟ್ಟುದು ಸ್ವಂತ ದುಡಿಮೆಯನ್ನು. 1939ರಲ್ಲಿ ಸಂಗೀತಶಾಲೆಗಳು ಮುಚ್ಚಿದಾಗ, ಬಾಂಬಿನ ಭಯದಿಂದ ಚಿತ್ರಗಳನ್ನೆಲ್ಲ ಸಾಗಿಸಿ ಬರಿದಾಗಿದ್ದ ನ್ಯಾಷನಲ್ ಗ್ಯಾಲರಿಯಲ್ಲಿ ಆಕೆ ಮಧ್ಯಾಹ್ನದ ಕಚೇರಿಗಳನ್ನು ಅಕ್ಟೋಬರ್ 10ರಂದು ಆರಂಭಿಸಿದಳು. ಪ್ರವೇಶಧನ ಒಂದೇ ಶಿಲ್ಲಿಂಗ್. ಸೋಮವಾರದಿಂದ ಶುಕ್ರವಾರದವರೆಗೆ, 1946ರ ಏಪ್ರಿಲ್‌ವರೆಗೆ, ಸುಮಾರು 1,700 ಕಚೇರಿಗಳು. ಕೇಳಿದವರು ಎಂಟು ಲಕ್ಷಕ್ಕೂ ಮಿಕ್ಕು. ಸುಮಾರು 150 ಬಾರಿ ತಾನೇ ನುಡಿಸಿದರೂ ಸಂಭಾವನೆ ಪಡೆಯಲಿಲ್ಲ. ಆಕೆ ಯೆಹೂದಿ ಮನೆತನದವಳು. ಜರ್ಮನಿಯ ವಿಮಾನಗಳು ಬಾಂಬು ಸುರಿಯುತ್ತಿದ್ದಾಗಲೂ ಅಲ್ಲಿ ಬಾಖ್, ಬೀಥೋವನ್ನರ ಸಂಗೀತ ನಡೆದೇ ಇತ್ತು. ವೈರಿಯ ನಾಡಿನಲ್ಲಿ ಹುಟ್ಟಿದ ನಾದವನ್ನು ವೈರಕ್ಕೆ ಬಲಿಗೊಡಲಿಲ್ಲವೆಂಬುದೇ ಇಲ್ಲಿ ಹೆಚ್ಚಿನ ಸಂಗತಿ.

ಇದು ಅಭಯದಾನವೇ? ಶಾಸ್ತ್ರಾರ್ಥದಲ್ಲಿ ಅಭಯವೆಂದರೆ ಜೀವರಕ್ಷಣೆ; ಪಿಯಾನೋ ಬಾಂಬನ್ನು ತಡೆಯದು. ಜನರಿಗೆ ಧೈರ್ಯ ತುಂಬಿದ್ದು ಯುದ್ಧಕ್ಕೂ ಬಲವಾಯಿತೆಂದು ವಾದಿಸುವವರೂ ಉಂಟು. ಆದರೆ ಭಯದಿಂದಲೇ ದ್ವೇಷ ಬೆಳೆಯುವುದರಿಂದ, ಮಧ್ಯಾಹ್ನದ ಒಂದು ಗಂಟೆಯಾದರೂ ಭಯವನ್ನು ಮರೆಸಿದವಳು ಹಿಂಸೆಯ ಬೇರಿಗೇ ಕೈಹಾಕಿದಳೆನ್ನಬೇಕು.

ಈ ತೂಕದಲ್ಲಿ ಅರಸರ ದಾನ ಎರಡನೆಯದು. ಆದರೂ ಪಾತ್ರವನ್ನು ಆರಿಸಿದ ವಿವೇಕ ಸಣ್ಣದಲ್ಲ: ಕೀರ್ತಿವಂತರನ್ನು ಬಿಟ್ಟು ಲೋಕ ಮರೆಯುತ್ತಿದ್ದ ಮುದುಕನನ್ನು ಅವರು ಹುಡುಕಿದರು. ಮೆಡ್ಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಅವರಿಗೆ ಅರ್ಪಿಸಿದನು. ರೋಗದ ನಡುವೆಯೂ ಮೂರೂ ಕನ್ಚರ್ಟೋಗಳನ್ನು ಮುದ್ರಣಕ್ಕಾಗಿ ನುಡಿಸಿ, 1951ರಲ್ಲಿ ತೀರಿಕೊಂಡನು.