ಆರ್‌ಸಿಯಲ್ಲಿ ಯಾರ ಹೆಸರು?

ಕರಾವಳಿಯ ಎರ್ಮಾಳಿನ ಕಡೆ ಒಂದೇ ಕಾರಿಗೆ ಇಬ್ಬರು ಮೂವರು ಧಣಿಗಳಿರುವುದು ಹೊಸತಲ್ಲ. ದುಬೈಯಲ್ಲಿರುವ ಅಣ್ಣ ದುಡ್ಡು ಕಳುಹಿಸುತ್ತಾನೆ, ಆರ್‌ಸಿ ಅಪ್ಪನ ಹೆಸರಿಗೆ ಆಗುತ್ತದೆ, ಓಡಿಸುವವ ಊರಲ್ಲಿರುವ ತಮ್ಮ. ಅಪ್ಪ ಇರುವಷ್ಟು ದಿನ ಯಾರೂ ಏನೂ ಕೇಳುವುದಿಲ್ಲ. ಅಪ್ಪ ತೀರಿಕೊಂಡು ಉತ್ತರಕ್ರಿಯೆಯ ಬೊಜ್ಜ ಮುಗಿಯಬೇಕು, ಆಗ ಶುರು.

"ಗಾಡಿ ತೆಗೆದದ್ದು ನನ್ನ ದುಡ್ಡಲ್ಲಲ್ವಾ?"

"ಹೌದಣ್ಣ. ಡೀಸೆಲ್ ಹಾಕಿಸಿದ್ದು, ಟಯರ್ ಬದಲಿಸಿದ್ದು, ಅಪ್ಪನನ್ನು ರಾತ್ರಿ ಹೊತ್ತು ಆಸ್ಪತ್ರೆಗೆ ಒಯ್ದದ್ದು ಯಾರು?"

ಹಳೆಯ ಕಾರಿಗೆ ಮಾರಿದರೆ ಎಷ್ಟು ಬಂದೀತು? ಜಗಳ ಕಾರಿನದ್ದಲ್ಲ ಎನ್ನುವುದು ಇಬ್ಬರಿಗೂ ಗೊತ್ತು.

ಹೆಸರು ಅಪ್ಪನದ್ದಾದ್ದರಿಂದ ಕಾನೂನು ಮೊದಲು ನೋಡುವುದು ಅಪ್ಪನ ವಾರಸುದಾರರನ್ನು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿದು ಬಂದದ್ದು ನಿಜ. ಆದರೆ ಅಪ್ಪನ ಸ್ವಂತ ಕಾರಿಗೆ ಆ ಕಟ್ಟು ಇಲ್ಲ. ಅವರು ವಿಲ್ ಬರೆಯದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅಪ್ಪನ ತಾಯಿ, ಎಲ್ಲರಿಗೂ ಸಮಪಾಲು. ಜಗಳವಾಡುವ ಅಣ್ಣತಮ್ಮಂದಿರು ಮುಂಬೈಗೆ ಮದುವೆಯಾಗಿ ಹೋದ ಅಕ್ಕನನ್ನು ಮರೆತೇಬಿಡುತ್ತಾರೆ. ಒಪ್ಪಿಗೆ ಪತ್ರಕ್ಕೆ ಆಕೆಯ ಸಹಿ ಬೇಕಾದಾಗ ಅವಳ ನೆನಪಾಗುತ್ತದೆ, ಅವಳಿಗೂ ಹಳೆಯದೆಲ್ಲ ನೆನಪಾಗುತ್ತದೆ.

ಇತ್ತ ದಿನ ಓಡುತ್ತಿರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಅಷ್ಟು ಕಾಲ ಗಾಡಿ ಓಡಿಸಲು ಅವಕಾಶವಿದೆ. ನಮ್ಮಲ್ಲಿ ವರ್ಷಗಟ್ಟಲೆ ಸತ್ತವರ ಹೆಸರಿನಲ್ಲೇ ಗಾಡಿ ಓಡುತ್ತದೆ, ಹೆಜಮಾಡಿಯ ಟೋಲ್‌ಗೇಟನ್ನೂ ದಾಟುತ್ತದೆ.

ಎಲ್ಲರಿಗೂ ಬೇಕಾದ ಈ ಗಾಡಿ ಅಪಘಾತವಾದ ದಿನ ಯಾರಿಗೂ ಬೇಡ. ಹೆಸರಿನ ಭಾರ ತಿಳಿಯುವುದು ಆಗಲೇ. ಹರಿಯಾಣದಲ್ಲಿ ಹಲವು ಕೈ ದಾಟಿದ ಕಾರೊಂದು ಜನರ ಮೇಲೆ ಹರಿದಾಗ, ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದ ಮೊದಲ ಮಾಲೀಕನದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಮಾರಿದ್ದೇನೆ ಎಂಬ ಮಾತು ನಡೆಯಲಿಲ್ಲ. ಮನೆಯೊಳಗೆ ಬಾಯಿಮಾತಲ್ಲಿ "ಇಟ್ಟುಕೋ" ಎಂದು ಕೊಟ್ಟ ಸ್ಕೂಟರಿಗೂ ಇದೇ ಪಾಠ.

ಹೆಸರಿಲ್ಲದೆ ಓಡಿಸುವವನ ಗತಿಯೂ ಸಲೀಸಲ್ಲ. ಇಳಕಲ್‌ನಿಂದ ಗುಡೂರಿಗೆ ಬೇರೆಯವರ ಬೈಕ್ ತೆಗೆದುಕೊಂಡು ಹೊರಟವನೊಬ್ಬ ಎತ್ತಿನಗಾಡಿಗೆ ಬಡಿದು ತೀರಿಕೊಂಡ. ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಂತಂತೆ, ಹಾಗಾಗಿ ಮೋಟಾರು ವಾಹನ ಕಾಯ್ದೆಯ ಆಗಿನ 163ಎ ಸೆಕ್ಷನ್‌ನಡಿ ಅವನ ಮನೆಯವರಿಗೆ ಪರಿಹಾರವಿಲ್ಲ ಎಂದಿತು ಸುಪ್ರೀಂ ಕೋರ್ಟಿನ 2009ರ ತೀರ್ಪು. ವಿಮೆಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆಯೂ ಮಾಲೀಕ ತಾನೇ ಓಡಿಸುವಾಗಿನದ್ದು. ಅಮ್ಮನ ಹೆಸರಿನ ಸ್ಕೂಟರಿನಲ್ಲಿ ಹೆದ್ದಾರಿ 66ಕ್ಕೆ ಇಳಿಯುವ ಮಗನಿಗೆ ಅದು ತಾಗುವುದಿಲ್ಲ. ಹೆಂಗಸರ ಹೆಸರಿನಲ್ಲಿ ಗಾಡಿ ತೆಗೆದರೆ ಒಳ್ಳೆಯದು ಎನ್ನುವ ನಮ್ಮವರು ಇದನ್ನು ಯೋಚಿಸಿದ್ದು ನಾನು ಕಂಡಿಲ್ಲ.

ಜಗಳಕ್ಕೆ ಮೊದಲೇ ಒಂದು ದಾರಿ ಇದೆ: 2021ರಿಂದ ಆರ್‌ಸಿಯಲ್ಲಿ ನಾಮಿನಿಯ ಹೆಸರು ಬರೆಸಬಹುದು. ಈಗಾಗಲೇ ಓಡುತ್ತಿರುವ ಗಾಡಿಗೂ ಆನ್‌ಲೈನ್‌ನಲ್ಲಿ ಸೇರಿಸಬಹುದು. ಅಣ್ಣ ರಜೆಗೆ ಬಂದಾಗ ಈ ಮಾತು ತೆಗೆದರೆ ಅಪ್ಪನಿಗೆ ಬೇಸರವಾದೀತು ಎಂದು ಎಲ್ಲರೂ ಸುಮ್ಮನಿರುತ್ತಾರೆ. ಕೇಳಿದರೆ ಅಪ್ಪನೇ ಒಂದು ಹೆಸರು ಹೇಳಿಯಾರು.